ಎಲ್ಲಾ ಅಕ್ಟೋಬರ್‌ಫೆಸ್ಟ್ ಬಿಯರ್ ಒಂದೇ ಅಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಆಗಸ್ಟ್ ಮಧ್ಯಕ್ಕೆ ಇಲ್ಲಿನ ಅಂಗಡಿಗಳ ಬಿಯರ್ ಸಾಲು ಬಣ್ಣ ಬದಲಿಸುತ್ತದೆ. ಎಲ್ಲಿ ನೋಡಿದರೂ ನೀಲಿ ಬಿಳಿ ಚೌಕಳಿ, ಕಿತ್ತಳೆ ಬಣ್ಣದ ಡಬ್ಬ, ಎಲ್ಲದರ ಮೇಲೂ ಅಕ್ಟೋಬರ್‌ಫೆಸ್ಟ್ ಅಂತ ಬರೆದಿರುತ್ತದೆ. ನಮ್ಮ ಕನ್ನಡ ಕೂಟದಲ್ಲಿ ಗಣೇಶನ ಹಬ್ಬದ ತಯಾರಿಗೆ ಸೇರಿದಾಗ ಹೊಸದಾಗಿ ಬಂದ ಹುಡುಗರೋ ಹುಡುಗಿಯರೋ ಪ್ರತಿ ವರ್ಷ ಕೇಳುತ್ತಾರೆ, ಇದರಲ್ಲಿ ಯಾವುದು ತಗೊಳ್ಳೋದು, ಎಲ್ಲಾ ಒಂದೇ ಅಲ್ವಾ ಅಂತ. ಒಂದೇ ಅಲ್ಲ. ಹದಿನಾರು ವರ್ಷದಿಂದ ಒಹಾಯೋದಲ್ಲಿದ್ದೇನೆ, ಅದಕ್ಕೂ ಮುಂಚೆ ಎರಡು ವರ್ಷ ಸ್ಯಾನ್ ಹೋಸೆಯಲ್ಲಿದ್ದೆ. ಈ ಬಿಯರ್ ಅಂದರೆ ನನಗೆ ತುಂಬಾ ಪ್ರೀತಿ. ಹಾಗಾಗಿ ಗೊತ್ತಿರುವುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅಕ್ಟೋಬರ್‌ಫೆಸ್ಟ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಬಿಯರ್ ಮಾರಾಟವಾಗುತ್ತವೆ. ಒಂದು ತಾಮ್ರದ ಬಣ್ಣದ್ದು, ಅದರ ಹೆಸರು ಮೆರ್ಟ್ಸೆನ್. ಇನ್ನೊಂದು ಬಂಗಾರದ ಬಣ್ಣದ್ದು, ಅದು ಫೆಸ್ಟ್‌ಬಿಯರ್.

ಮೆರ್ಟ್ಸೆನ್ ಅಂದರೆ ಮಾರ್ಚ್ ತಿಂಗಳ ಬಿಯರ್. ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಟ್ಟು ಹುಳಿಯಾಗುತ್ತಿತ್ತು. ಅದಕ್ಕೆ ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಒಂದು ಕಟ್ಟಳೆ ಬಂತು: ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬೇಕು. ಹೀಗಾಗಿ ಮಾರ್ಚಿನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾಡಿ, ತಣ್ಣನೆಯ ನೆಲಮಾಳಿಗೆಯಲ್ಲಿ ಬೇಸಿಗೆಯುದ್ದಕ್ಕೂ ಇಟ್ಟು, ಶರತ್ಕಾಲದಲ್ಲಿ ಕುಡಿಯುತ್ತಿದ್ದರು. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಜಾತ್ರೆ ಶುರುವಾದದ್ದು ಆಮೇಲೆ, 1810ರಲ್ಲಿ, ಯುವರಾಜ ಲುಡ್ವಿಗ್‌ನ ಮದುವೆಯ ನೆಪದಲ್ಲಿ. ತಾಮ್ರದ ಬಣ್ಣದ ಬಿಯರ್ ಆ ಜಾತ್ರೆಯ ಬಿಯರ್ ಆಗಿ ಹೆಸರು ಮಾಡಿದ್ದು 1872ರಿಂದ. ಈಗ ಅಲ್ಲಿ ಹೋದರೆ ಅದು ಸಿಗುವುದೇ ಅಪರೂಪ! 1970ರ ದಶಕದಲ್ಲಿ ಮ್ಯೂನಿಕ್‌ನ ಪೌಲಾನರ್ ಬ್ರೂವರಿಯವರು ಹೊಟ್ಟೆಗೆ ಹಗುರಾದ, ಬಂಗಾರದ ಬಣ್ಣದ ಬಿಯರ್ ತಂದರು, ನಿಧಾನವಾಗಿ ಹೆಚ್ಚುಕಡಿಮೆ ಎಲ್ಲ ಡೇರೆಗಳಿಗೂ ಅದೇ ಬಂತು. ಹಳೆಯ ತಾಮ್ರದ ಬಣ್ಣವನ್ನು ಉಳಿಸಿಕೊಂಡವರು ಹೆಚ್ಚಾಗಿ ಅಮೆರಿಕದ ಸಣ್ಣ ಬ್ರೂವರಿಗಳು. ನನಗೆ ಇದು ಬಹಳ ಇಷ್ಟವಾದ ಸಂಗತಿ. ಊರು ಬಿಟ್ಟು ಬಂದವರ ಮನೆಯಲ್ಲಿ ಊರಿನಲ್ಲೇ ಮರೆತುಹೋದ ಅಡುಗೆ ಉಳಿದಿರುತ್ತದಲ್ಲ, ಹಾಗೆ.

ರುಚಿ ಹೇಗೆ ಅಂತ ಹೇಳಬೇಕಾದರೆ ರಾಗಿಯಿಂದ ಶುರು ಮಾಡುತ್ತೇನೆ. ಮಗುವಿಗೆ ಅಂಬಲಿ ಮಾಡಲು ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಹುರಿಯುವುದನ್ನು ನೋಡಿದ್ದೀರಿ ಅಲ್ವಾ? ಬಾರ್ಲಿಗೂ ಮಾಡುವುದು ಅಷ್ಟೇ, ಹಾಗೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಗೇ ಮಾಲ್ಟ್ ಅನ್ನುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಎಷ್ಟು ಬಿಸಿಯಲ್ಲಿ ಒಣಗಿಸುತ್ತಾರೆ ಅನ್ನುವುದರ ಮೇಲೆ ಬಿಯರಿನ ಬಣ್ಣ, ಘಮ ಎರಡೂ ನಿಂತಿವೆ. ಮೆರ್ಟ್ಸೆನ್‌ಗೆ ಹಾಕುವ ಮ್ಯೂನಿಕ್ ಮಾಲ್ಟ್, ವಿಯೆನ್ನಾ ಮಾಲ್ಟ್ ಸ್ವಲ್ಪ ಜಾಸ್ತಿ ಬಿಸಿ ಕಂಡವು. ಹೆಂಚಿನ ಮೇಲೆ ಕೆಂಪಗಾದ ರೊಟ್ಟಿಯ ಅಂಚಿನ ವಾಸನೆ, ಹುರಿಹಿಟ್ಟಿನ ವಾಸನೆ ಬರುವುದು ಅದರಿಂದ. ಕಹಿ ಕಡಿಮೆ. ಸಿಹಿ ಅನ್ನಿಸಿದರೂ ನುಂಗಿದ ಮೇಲೆ ಬಾಯಿ ಒಣಗಬೇಕು, ಅಂಟು ಉಳಿಯಬಾರದು. ಅದೇ ಒಳ್ಳೆಯ ಮೆರ್ಟ್ಸೆನ್‌ನ ಗುರುತು.

ಈಗ ಊರಿಂದ ಊರಿಗೆ ಬರೋಣ. ನನ್ನ ಒಲವು ಮಿಡ್‌ವೆಸ್ಟ್ ಕಡೆಗೆ, ಅಂದರೆ ಒಹಾಯೋ, ಮಿಶಿಗನ್, ಮಿನೆಸೋಟಾ ಇರುವ ಭಾಗದ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಜರ್ಮನ್ ವಲಸಿಗರು ಇಲ್ಲಿ ತುಂಬಾ ಬಂದು ನೆಲೆಸಿದ್ದಾರೆ. ಸಿನ್ಸಿನಾಟಿಯಲ್ಲಿ 1976ರಿಂದ ದೊಡ್ಡ ಅಕ್ಟೋಬರ್‌ಫೆಸ್ಟ್ ನಡೆಯುತ್ತಿದೆ. ಮಿನೆಸೋಟಾದ ನ್ಯೂ ಅಲ್ಮ್‌ನಲ್ಲಿರುವ ಶೆಲ್ಸ್ ಬ್ರೂವರಿ 1860ರದ್ದು. ಕ್ಲೀವ್‌ಲ್ಯಾಂಡ್‌ನ ಗ್ರೇಟ್ ಲೇಕ್ಸ್ 1988ರಲ್ಲಿ ಶುರುವಾದದ್ದು, ಅವರ ಅಕ್ಟೋಬರ್‌ಫೆಸ್ಟ್‌ನಲ್ಲಿ ಆಲ್ಕೋಹಾಲ್ 6.5 ಶೇಕಡಾ. ಮಿಶಿಗನ್‌ನ ಬೆಲ್ಸ್ 5.5. ಕಾಗದದ ಮೇಲೆ ಒಂದು ಶೇಕಡಾ ಸಣ್ಣದಾಗಿ ಕಾಣುತ್ತದೆ, ಬಾಯಲ್ಲಿ ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಮೂರು ಗ್ಲಾಸ್ ಇಟ್ಟೆ. ಗ್ರೇಟ್ ಲೇಕ್ಸ್, ಬೆಲ್ಸ್, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ. ಗ್ರೇಟ್ ಲೇಕ್ಸ್ ತಿಕ್ಕಿ ತೊಳೆದ ತಾಮ್ರದ ಚೊಂಬಿನ ಹಾಗಿತ್ತು, ನೊರೆಗೂ ಕೆನೆಯ ಬಣ್ಣ. ಮೂಗಿಗೆ ಮೊದಲು ಬಂದದ್ದು ಬೇಕರಿಯ ಬಾಗಿಲು ತೆಗೆದಾಗ ಬರುವ ಬ್ರೆಡ್ಡಿನ ಘಮ, ಆಮೇಲೆ ಸ್ವಲ್ಪ ಕಾಕಂಬಿಯಂಥದ್ದು. ಬೆಲ್ಸ್ ಬಣ್ಣದಲ್ಲೂ ಮೈಯಲ್ಲೂ ಒಂದು ಮೆಟ್ಟಿಲು ಕೆಳಗೆ. ಹುರಿದ ಧಾನ್ಯದ ರುಚಿ ಬಂದು ಬೇಗ ಹೋಗುತ್ತದೆ, ಎರಡನೆಯ ಗ್ಲಾಸ್ ಬೇಕು ಅನ್ನಿಸುತ್ತದೆ. ಸಿಯೆರಾ ನೆವಾಡಾ ಜೇನಿನ ಬಣ್ಣ, ಹುಲ್ಲು ಹೂವಿನ ಸಣ್ಣ ವಾಸನೆ, ಕೊನೆಯಲ್ಲಿ ಹಾಪ್ಸ್ (ಬಿಯರಿಗೆ ಹಾಕುವ ಕಹಿ ಹೂವು) ಕಹಿ. ಅರ್ಧ ಗಂಟೆ ಬಿಟ್ಟು ಮತ್ತೆ ರುಚಿ ನೋಡಿದೆ. ಚಳಿ ಇಳಿದ ಮೇಲೆ ಗ್ರೇಟ್ ಲೇಕ್ಸ್ ಇನ್ನೂ ಅರಳಿತ್ತು, ಸಿಯೆರಾ ನೆವಾಡಾ ಮಂಕಾಗಿತ್ತು. ಹಾಗಾಗಿ ನನ್ನ ಸಲಹೆ ಇಷ್ಟು: ತಾಮ್ರದ್ದನ್ನು ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಟ್ಟು ಕುಡಿಯಿರಿ, ಬಂಗಾರದ್ದನ್ನು ತಣ್ಣಗಿರುವಾಗಲೇ ಮುಗಿಸಿ. ಗ್ಲಾಸ್ ಫ್ರೀಜರ್‌ನಲ್ಲಿ ಇಡಬೇಡಿ, ಅಷ್ಟು ಚಳಿಗೆ ನಾಲಿಗೆ ಏನನ್ನೂ ಹಿಡಿಯುವುದಿಲ್ಲ.

ಪೂರ್ವ ಕರಾವಳಿಯಲ್ಲಿ ಇರುವವರಿಗೆ ಮೊದಲು ಕಾಣುವುದು ಬಾಸ್ಟನ್‌ನ ಸ್ಯಾಮ್ಯುಯೆಲ್ ಆಡಮ್ಸ್. 1989ರಿಂದ ಮಾಡುತ್ತಿದ್ದಾರೆ, 5.3 ಶೇಕಡಾ, ದೇಶದ ಯಾವ ಮೂಲೆಯಲ್ಲಾದರೂ ಸಿಗುತ್ತದೆ. ಅಮೆರಿಕದ ಜನಕ್ಕೆ ಅಕ್ಟೋಬರ್‌ಫೆಸ್ಟ್ ಅಂದರೆ ಈ ರುಚಿ ಅಂತ ಕಲಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಶುರು ಮಾಡಲು ಒಳ್ಳೆಯದು, ಆದರೆ ನನಗೆ ಸಿಹಿ ಒಂದು ಚೂರು ಜಾಸ್ತಿ. ಅದೇ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಜ್ಯಾಕ್ಸ್ ಆ್ಯಬಿ ಅಂತ ಇದೆ, 2011ರಲ್ಲಿ ಲಾಗರ್‌ಗಾಗಿಯೇ, ಅಂದರೆ ತಣ್ಣಗೆ ನಿಧಾನವಾಗಿ ಹುದುಗಿಸುವ ಇಂಥ ಬಿಯರಿಗಾಗಿಯೇ ಶುರು ಮಾಡಿದ ಬ್ರೂವರಿ. ಅವರ ಕಾಪರ್ ಲೆಜೆಂಡ್ ಸಿಕ್ಕರೆ ಬಿಡಬೇಡಿ. ವರ್ಮಾಂಟ್‌ನ ಸ್ಟೋವ್‌ನಲ್ಲಿ ಆಸ್ಟ್ರಿಯಾದಿಂದ ಬಂದ ಟ್ರ್ಯಾಪ್ ಕುಟುಂಬದವರ ಬ್ರೂವರಿ ಇದೆ, ಎಲೆ ಕೆಂಪಾಗುವ ಕಾಲದಲ್ಲಿ ಹೇಗೂ ಆ ಕಡೆ ಹೋಗುತ್ತೀರಿ. ಪೆನ್ಸಿಲ್ವೇನಿಯಾದ ವಿಕ್ಟರಿಯವರದ್ದರಲ್ಲಿ ಮಾತ್ರ ಮೋಸ ಹೋಗಬೇಡಿ. ಹೆಸರು ಫೆಸ್ಟ್‌ಬಿಯರ್, ಬಣ್ಣ ತಾಮ್ರದ್ದೇ. ಅದಕ್ಕೇ ಹೇಳುವುದು, ಹೆಸರಿಗಿಂತ ಮುಂಚೆ ಬಣ್ಣ ನೋಡಿ ಅಂತ.

ಟೆಕ್ಸಾಸ್‌ನವರಿಗೆ ಶೈನರ್. ಜರ್ಮನ್, ಚೆಕ್ ರೈತರು ನೆಲೆಸಿದ ಸಣ್ಣ ಊರು, ಸ್ಪೆಟ್ಸಲ್ ಬ್ರೂವರಿ 1909ರಿಂದ ಅಲ್ಲಿದೆ. ಅವರ ಅಕ್ಟೋಬರ್‌ಫೆಸ್ಟ್ ಹಗುರ, ಬೆಲೆಯೂ ಹಗುರ. ಅಲ್ಲಿ ಸೆಪ್ಟೆಂಬರ್ ಅಂದರೂ ಸುಡು ಬಿಸಿಲು ತಾನೇ, ಆ ಹಗುರತನ ಸರಿಯಾಗಿ ಒಪ್ಪುತ್ತದೆ. ಡಾಲಸ್ ಹತ್ತಿರದ ದಿ ಕಾಲನಿ ಅನ್ನುವ ಊರಿನಲ್ಲಿ ನಮ್ಮ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಬ್ರೂವರಿಯವರದೇ ಜಾಗ ಇದೆ, ಬೆಂಗಳೂರಿನ ನೆನಪಾದಾಗ ಹೋಗಬಹುದು. ಕೊಲರಾಡೋದ ಲೆಫ್ಟ್ ಹ್ಯಾಂಡ್ 6.6 ಶೇಕಡಾ, ದಪ್ಪ ಮೈಯ ಬಿಯರ್, ಚಳಿ ಸಂಜೆಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಬಂಗಾರದ ಬಣ್ಣದ ಕಡೆ ಒಲವು ಜಾಸ್ತಿ. ಸಿಯೆರಾ ನೆವಾಡಾದವರು 2015ರಿಂದ ಕೆಲವು ವರ್ಷ ಪ್ರತಿ ಸಲ ಬೇರೆ ಜರ್ಮನ್ ಬ್ರೂವರಿಯ ಜೊತೆ ಸೇರಿ ಮಾಡಿದರು, ಆ ಕಲಿಕೆ ಇವತ್ತಿಗೂ ಗ್ಲಾಸಿನಲ್ಲಿ ಕಾಣುತ್ತದೆ.

ಕೊಳ್ಳುವಾಗ ತಾರೀಖು ನೋಡಿ. ನಾನು ಬಂದ ಹೊಸದರಲ್ಲಿ ಜನವರಿಯಲ್ಲಿ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಆರು ಬಾಟಲಿ ತಂದಿದ್ದೆ. ಕಿಟಕಿ ಪಕ್ಕ ತಿಂಗಳುಗಟ್ಟಲೆ ಬಿಸಿಲು ಕಂಡ ಮಾಲು. ನೆನೆದ ರಟ್ಟಿನ ರುಚಿ, ಎರಡು ಗುಟುಕಿನ ಮೇಲೆ ಆಗಲಿಲ್ಲ. ಈ ಬಿಯರ್ ನನಗೆ ಹಿಡಿಸಲ್ಲ ಅಂತ ಎರಡು ವರ್ಷ ಅದನ್ನು ಮುಟ್ಟಲೇ ಇಲ್ಲ, ಆ ಎರಡು ವರ್ಷ ಹೋಯಿತಲ್ಲ ಅಂತ ಈಗಲೂ ಬೇಜಾರಾಗುತ್ತದೆ. ಫ್ರಿಜ್‌ನಲ್ಲಿಟ್ಟು ಮಾರುವ ಅಂಗಡಿ ಹುಡುಕಿ, ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಕುಡಿಯಿರಿ. ಎಷ್ಟೋ ಅಂಗಡಿಗಳಲ್ಲಿ ಬಿಡಿ ಬಿಡಿಯಾಗಿ ಆರು ಬೇರೆ ಬೇರೆ ಆರಿಸಿಕೊಳ್ಳಬಹುದು, ಮೊದಲ ಸಲಕ್ಕೆ ಅದೇ ವಾಸಿ.

ಜೊತೆಗೆ ತಿನ್ನಲು ಪ್ರೆಟ್ಸೆಲ್ ಬೇಕೇ ಬೇಕು ಅಂತೇನಿಲ್ಲ. ಗರಿಗರಿ ಕೋಡುಬಳೆ ಇಟ್ಟು ನೋಡಿ. ಕೋಳಿ ಸುಕ್ಕ, ಖಾರದ ಸಾರಿನ ಜೊತೆ ಹಾಪ್ಸ್ ಜಾಸ್ತಿ ಇರುವ ಕಹಿ ಬಿಯರ್ ಐಪಿಎ ಕುಡಿದರೆ ಕಹಿ ಖಾರ ಸೇರಿ ನಾಲಿಗೆ ಉರಿಯುತ್ತದೆ, ಮೆರ್ಟ್ಸೆನ್ ಅದನ್ನು ತಣಿಸುತ್ತದೆ. ಸಸ್ಯಾಹಾರಿಗಳಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ, ಜರ್ಮನ್ ಪದ್ಧತಿಯಲ್ಲಿ ನೀರು, ಮಾಲ್ಟ್, ಹಾಪ್ಸ್, ಯೀಸ್ಟ್ ಬಿಟ್ಟು ಬೇರೆ ಹಾಕುವುದಿಲ್ಲ. ನವರಾತ್ರಿಯ ಒಂಬತ್ತು ದಿನ ಮುಟ್ಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕುಡಿಯದವರನ್ನು ಒತ್ತಾಯ ಮಾಡಬೇಡಿ, ಯಾಕೆ ಅಂತ ಕೇಳಲೂಬೇಡಿ.

ಇನ್ನು ಕಾರಿನ ಮಾತು. ಇದನ್ನು ಎರಡು ಸಲ ಓದಿ. ಇಲ್ಲಿ ಒಂದು ಡ್ರಿಂಕ್ ಅಂತ ಲೆಕ್ಕ ಹಾಕುವುದು 5 ಶೇಕಡಾದ 355 ಮಿಲಿಲೀಟರ್ ಬಿಯರಿಗೆ. ಜಾತ್ರೆಯಲ್ಲಿ ಕೊಡುವ ಒಂದು ಲೀಟರ್ ಮಗ್ಗಿನಲ್ಲಿ 6 ಶೇಕಡಾದ ಬಿಯರ್ ಇದ್ದರೆ ಅದು ಹೆಚ್ಚುಕಡಿಮೆ ಮೂರೂವರೆ ಡ್ರಿಂಕ್. ಒಂದೇ ಮಗ್ ತಾನೇ ಅಂದುಕೊಂಡು ಕೀಲಿ ಕೈಗೆ ತಗೊಂಡರೆ ಕೆಟ್ಟಿರಿ. ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.08 ಶೇಕಡಾ, ಯೂಟಾದಲ್ಲಿ 0.05. ವೀಸಾ ಮೇಲೆ ಇರುವವರಿಗೆ ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ: ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ ಸಾಕು, ಕೋರ್ಟು ತೀರ್ಪು ಕೊಡುವ ಮುಂಚೆಯೇ ಪಾಸ್‌ಪೋರ್ಟಿನ ವೀಸಾ ರದ್ದಾಗಬಹುದು, ಆಮೇಲೆ ಊರಿಗೆ ಹೋದರೆ ಹೊಸ ವೀಸಾ ಸಿಗದೆ ಅಲ್ಲೇ ಸಿಕ್ಕಿಕೊಳ್ಳಬಹುದು. ಬಾಯಿ ತೆರೆದ ಡಬ್ಬ ಕಾರಿನೊಳಗೆ ಇರುವುದೂ ಹೆಚ್ಚಿನ ರಾಜ್ಯಗಳಲ್ಲಿ ತಪ್ಪು, ಉಳಿದದ್ದನ್ನು ತರುವುದಾದರೆ ಡಿಕ್ಕಿಯಲ್ಲಿಡಿ. ಬರುವಾಗಲೂ ಹೋಗುವಾಗಲೂ ಟ್ಯಾಕ್ಸಿ ಮಾಡಿ, ಇಲ್ಲಾ ಕುಡಿಯದ ಸ್ನೇಹಿತರ ಜೊತೆ ಹೋಗಿ. 21 ತುಂಬಿದೆ ಅಂತ ತೋರಿಸಲು ಗುರುತಿನ ಚೀಟಿ ಜೇಬಿನಲ್ಲಿರಲಿ, ಕೂದಲು ನೆರೆತಿದ್ದರೂ ಕೇಳುತ್ತಾರೆ.

ನಿಮ್ಮ ಊರಿನ ಹೆಸರು ಇದರಲ್ಲಿ ಬರದಿದ್ದರೆ ಹತ್ತಿರದ ಬ್ರೂವರಿಗೆ ಒಂದು ವಾರದ ದಿನ ಸಂಜೆ ಹೋಗಿ, ಶನಿವಾರ ಬೇಡ, ಮಾತಾಡಲು ಅವರಿಗೆ ಬಿಡುವಿರುವುದಿಲ್ಲ. ನಿಮ್ಮ ಅಕ್ಟೋಬರ್‌ಫೆಸ್ಟ್ ಮೆರ್ಟ್ಸೆನ್ನೋ ಫೆಸ್ಟ್‌ಬಿಯರ್ರೋ ಅಂತ ಕೇಳಿ. ಕೇಳಿದ ಕೂಡಲೇ ಅವರ ಮುಖ ಅರಳುತ್ತದೆ, ಸಣ್ಣ ಗ್ಲಾಸಿನಲ್ಲಿ ರುಚಿಗೆ ಅಂತ ಸ್ವಲ್ಪ ಬಗ್ಗಿಸಿಯೂ ಕೊಡುತ್ತಾರೆ.