ಚಿಕ್ಕ ಮಕ್ಕಳೊಡನೆ ಚೌಕಾಬಾರ: ಎರಡೇ ಕಾಯಿ ಸಾಕು

ಐದಾರು ವರ್ಷದ ಮಕ್ಕಳೊಡನೆ ಚೌಕಾಬಾರ ಆಡುವಾಗ ಪ್ರತಿಯೊಬ್ಬರಿಗೂ ನಾಲ್ಕರ ಬದಲು ಎರಡೇ ಕಾಯಿ ಕೊಡಿ; ಎದುರಾಳಿಯ ಕಾಯಿಯನ್ನು ಹೊಡೆದ ಮೇಲೆಯೇ ಒಳಸುತ್ತಿಗೆ ಹೋಗಬೇಕೆಂಬ ನಿಯಮವನ್ನು ನಿಮ್ಮ ಮನೆಯಲ್ಲಿ ಪಾಲಿಸುವುದಾದರೆ, ಅದು ದೊಡ್ಡವರಿಗೆ ಮಾತ್ರ ಇರಲಿ. 25 ಮನೆಗಳ ಹಾಸಿನಲ್ಲಿ ಒಂದು ಕಾಯಿ ಹಣ್ಣಾಗಲು, ಅಂದರೆ ಹಾಸಿನ ನಟ್ಟನಡುವಿನ ಮನೆ ಸೇರಲು, 24 ಮನೆ ನಡೆಯಬೇಕಾಗಿರುವುದರಿಂದ, ನಾಲ್ಕೂ ಕಾಯಿಗಳು ನಡುಮನೆ ಸೇರುವಷ್ಟರಲ್ಲಿ ಮಗುವಿನ ತಾಳ್ಮೆ ಮುಗಿದಿರುತ್ತದೆ. ಆದರೆ ಒಂದೇ ಕಾಯಿಗೆ ಇಳಿಸಬೇಡಿ: ಯಾವುದನ್ನು ನಡೆಸಲಿ ಎಂಬ ಯೋಚನೆಯೇ ಈ ಆಟದ ಜೀವ, ಅದು ಹೋದರೆ ಉಳಿಯುವುದು ಕವಡೆಯ ಅದೃಷ್ಟ ಮಾತ್ರ. ಓರಗೆಯ ಮಕ್ಕಳ ನಡುವೆ ನಿಯಮದ ರಿಯಾಯಿತಿ ನಡೆಯುವುದಿಲ್ಲ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ. ಆಟ ಚೆನ್ನಾಗಿ ಕೈಗೆ ಹತ್ತಿದ ಮಕ್ಕಳಿಗಂತೂ ಎರಡು ಕಾಯಿ ಸಪ್ಪೆಯೆನಿಸುವುದರಿಂದ ನಾಲ್ಕಕ್ಕೇ ಮರಳುವುದು ಒಳ್ಳೆಯದು.