ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಏನು ತೆಗೆಯುತ್ತಾರೆ, ಏನು ಉಳಿಸುತ್ತಾರೆ?

ಬಯಾಪ್ಸಿ ವರದಿಯಲ್ಲಿ ಸ್ತನ ಕ್ಯಾನ್ಸರ್ ಎಂದು ಬಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಸ್ತನವನ್ನು ಪೂರ್ತಿ ತೆಗೆಯಬೇಕಾ?' ಎಂಬುದು. ಹೆಚ್ಚು ಕತ್ತರಿಸಿದಷ್ಟೂ ರೋಗ ಹೆಚ್ಚು ಗುಣವಾಗುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಒಂದು ಕಾಲಕ್ಕೆ ವೈದ್ಯರೂ ಇದನ್ನೇ ನಂಬಿದ್ದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೇ ತೆಗೆಯಲಾಗುತ್ತಿತ್ತು. ಆದರೆ ಇಟಲಿಯ ವೆರೊನೇಸಿ ಮತ್ತು ಅಮೆರಿಕದ ಫಿಶರ್ ತಂಡಗಳು 2002ರಲ್ಲಿ ಪ್ರಕಟಿಸಿದ 20 ವರ್ಷಗಳ ಫಲಿತಾಂಶದ ಪ್ರಕಾರ, ಆರಂಭದ ಹಂತದಲ್ಲಿ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಪಡೆದ ಮಹಿಳೆಯರೂ ಸ್ತನವನ್ನು ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಬದುಕಿದರು. ಇಂದಿನ ಶಸ್ತ್ರಚಿಕಿತ್ಸೆ ಈ ತಿಳಿವಳಿಕೆಯ ಮೇಲೆ ನಿಂತಿದೆ.

ಮೊದಲು ಅಂಗರಚನೆ

ಸ್ತನವು ಸುಮಾರಾಗಿ ಎರಡನೆಯ ಪಕ್ಕೆಲುಬಿನಿಂದ ಆರನೆಯದರವರೆಗೆ, ಎದೆಮೂಳೆಯ ಅಂಚಿನಿಂದ ಕಂಕುಳಿನ ನೇರದವರೆಗೆ ಹರಡಿಕೊಂಡಿರುತ್ತದೆ. ಮೇಲಿನ ಹೊರಭಾಗದಿಂದ ಅದರ ಒಂದು ಎಳೆ ಕಂಕುಳಿನೊಳಕ್ಕೂ ಚಾಚಿಕೊಂಡಿರುವುದರಿಂದ ಸ್ವಯಂ ಪರೀಕ್ಷೆ ಮಾಡಿಕೊಳ್ಳುವಾಗ ಕಂಕುಳನ್ನು ಬಿಡಬಾರದು. ಒಳಗೆ 15ರಿಂದ 20 ಹಾಲಿನ ಗ್ರಂಥಿಗಳ ಗುಂಪುಗಳಿದ್ದು, ಅವುಗಳ ನಾಳಗಳು ತೊಟ್ಟಿನ ಕಡೆಗೆ ಸೇರುತ್ತವೆ. ಚರ್ಮದಿಂದ ಒಳಕ್ಕೆ ಹೋಗುವ ನಾರಿನ ಪಟ್ಟಿಗಳು ಸ್ತನವನ್ನು ಹಿಡಿದಿಟ್ಟಿರುತ್ತವೆ. ಗಡ್ಡೆ ಈ ಪಟ್ಟಿಗಳನ್ನು ಜಗ್ಗಿದಾಗ ಚರ್ಮದ ಮೇಲೆ ಕುಳಿ ಬೀಳುತ್ತದೆ. ದುಗ್ಧರಸದ (ಅಂಗಾಂಶಗಳಿಂದ ಹರಿದುಬರುವ ತಿಳಿ ದ್ರವ, ಲಿಂಫ್) ದಾರಿ ಕಟ್ಟಿಕೊಂಡಾಗ ಚರ್ಮ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ.

ಸ್ತನದ ದುಗ್ಧರಸದ ಬಹುಪಾಲು ಹರಿದು ಸೇರುವುದು ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ. ಉಳಿದದ್ದರಲ್ಲಿ ಹೆಚ್ಚಿನದು ಎದೆಮೂಳೆಯ ಪಕ್ಕದ ಗ್ರಂಥಿಗಳಿಗೆ ಹೋಗುತ್ತದೆ. ಕ್ಯಾನ್ಸರ್ ಕೋಶಗಳು ಈ ದಾರಿಯಲ್ಲೂ ಹರಡುತ್ತವೆ. ಆದ್ದರಿಂದ ಸ್ತನದ ಆಪರೇಷನ್ ಎಂದು ನಾವು ಕರೆಯುವುದರಲ್ಲಿ ಅರ್ಧ ಕೆಲಸ, ನನ್ನ ಪ್ರಕಾರ ಹೆಚ್ಚು ನಾಜೂಕಿನ ಅರ್ಧ, ಕಂಕುಳಿನಲ್ಲೇ ನಡೆಯುತ್ತದೆ.

ಆಪರೇಷನ್‌ಗೆ ಮುನ್ನ

ವೈದ್ಯರು ಕೈಯಿಂದ ಮುಟ್ಟಿ ಮಾಡುವ ಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಸೂಜಿಯಿಂದ ಚೂರು ತೆಗೆದು ಮಾಡುವ ಬಯಾಪ್ಸಿ, ಈ ಮೂರೂ ಮುಗಿಯದೆ ಆಪರೇಷನ್‌ಗೆ ಹೋಗಬಾರದು. ಅದೇ ಚೂರಿನಲ್ಲಿ ಈಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್-2 (ಕೋಶದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನ್) ಪರೀಕ್ಷೆಗಳನ್ನೂ ಮಾಡಿಸಬೇಕು. ಗಡ್ಡೆ ದೊಡ್ಡದಾಗಿದ್ದರೆ ಮೊದಲು ಕೀಮೋಥೆರಪಿ ಕೊಟ್ಟು ಕುಗ್ಗಿಸಬಹುದು. ಅದು ಪೂರ್ತಿ ಕರಗಿಹೋದರೂ ಇದ್ದ ಜಾಗ ತಿಳಿಯಲೆಂದು ಚಿಕಿತ್ಸೆಗೆ ಮೊದಲೇ ಒಳಗೊಂದು ಪುಟ್ಟ ಲೋಹದ ಕ್ಲಿಪ್ ಇಡುತ್ತಾರೆ.

ಆಪರೇಷನ್ ಥಿಯೇಟರಿನಲ್ಲಿ

ಅರಿವಳಿಕೆ ಕೊಟ್ಟು, ಆ ಬದಿಯ ಕೈಯನ್ನು ಪಕ್ಕಕ್ಕೆ ಚಾಚಿ ಮಲಗಿಸುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ಹೇಳಲೇಬೇಕು. ಕತ್ತರಿಸುವುದಕ್ಕೆ 7ರಿಂದ 10 ನಿಮಿಷ ಮೊದಲು ಗಡ್ಡೆಯ ಸುತ್ತ ಶೇ 0.5ರ ಲಿಗ್ನೊಕೇನ್ (ಚುಚ್ಚಿದ ಜಾಗವನ್ನು ಮರಗಟ್ಟಿಸುವ ಔಷಧ) ಚುಚ್ಚಿದಾಗ, ಐದು ವರ್ಷಗಳ ನಂತರ ಬದುಕಿರುವವರ ಪ್ರಮಾಣ ಶೇ 86.4ರಿಂದ ಶೇ 90.1ಕ್ಕೆ ಏರಿತ್ತು. ಹಲ್ಲಿನ ಕ್ಲಿನಿಕ್ಕಿನಲ್ಲೂ ಸಿಗುವ ಅಗ್ಗದ ಔಷಧ ಇದು.

ಮುಂದಿನದು ಕಂಕುಳಿನ ಕೆಲಸ. ಮುಟ್ಟಿ ನೋಡಿದಾಗಲೂ ಸ್ಕ್ಯಾನ್‌ನಲ್ಲೂ ಗ್ರಂಥಿಗಳು ಊದಿಕೊಂಡಿಲ್ಲದಿದ್ದರೆ ಎಲ್ಲವನ್ನೂ ತೆಗೆಯುವ ಅಗತ್ಯವಿರುವುದಿಲ್ಲ. ಸ್ತನಕ್ಕೆ ನೀಲಿ ಬಣ್ಣವನ್ನೋ ವಿಕಿರಣಶೀಲ ದ್ರವವನ್ನೋ ಚುಚ್ಚಿದಾಗ ಅದು ಮೊದಲು ಮುಟ್ಟುವ ಒಂದೆರಡು ಗ್ರಂಥಿಗಳೇ ಸೆಂಟಿನೆಲ್ ಗ್ರಂಥಿಗಳು. ಕೊಬ್ಬಿನ ನಡುವೆ ನೀಲಿ ಎಳೆಯೊಂದನ್ನು ಹಿಂಬಾಲಿಸಿ ಅವುಗಳನ್ನು ಹುಡುಕಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವುಗಳನ್ನು ಮುಟ್ಟುವುದಿಲ್ಲ. (ಮಾರನೆಯ ದಿನ ಮೂತ್ರ ಹಸಿರಾಗಿಯೋ ನೀಲಿಯಾಗಿಯೋ ಬಂದರೆ ಗಾಬರಿ ಬೇಡ, ಅದು ಆ ಬಣ್ಣ.)

ಗ್ರಂಥಿಗಳಿಗೆ ರೋಗ ಹರಡಿರುವುದು ಸ್ಪಷ್ಟವಿದ್ದರೆ ಕಂಕುಳನ್ನು ಬಿಡಿಸಿ ನೋಡಬೇಕಾಗುತ್ತದೆ. ಎದೆಯ ಚಿಕ್ಕ ಸ್ನಾಯುವನ್ನು ಗುರುತಾಗಿಟ್ಟುಕೊಂಡು ಗ್ರಂಥಿಗಳನ್ನು ಮೂರು ಮಟ್ಟಗಳಾಗಿ ವಿಂಗಡಿಸುತ್ತಾರೆ: ಅದರ ಹೊರಗಿನವು ಒಂದನೆಯ ಮಟ್ಟ, ಹಿಂದಿನವು ಎರಡನೆಯದು, ಒಳಬದಿಯವು ಮೂರನೆಯದು. ಸಾಮಾನ್ಯವಾಗಿ ಮೊದಲೆರಡು ಮಟ್ಟಗಳನ್ನು ತೆಗೆಯುತ್ತಾರೆ. ಮೇಲೆ ಕೈಯ ದೊಡ್ಡ ಅಭಿಧಮನಿ ಗಡಿಯಾಗಿ ನಿಲ್ಲುತ್ತದೆ. ಶಸ್ತ್ರಚಿಕಿತ್ಸಕರ ತಾಳ್ಮೆಯೆಲ್ಲ ಬೇಕಾಗುವುದು ಇಲ್ಲಿನ ಮೂರು ನರಗಳನ್ನು ಕಾಪಾಡಲು. ಪಕ್ಕೆಯ ಗೋಡೆಗೆ ಅಂಟಿಕೊಂಡು ಇಳಿಯುವ ಉದ್ದನೆಯ ನರಕ್ಕೆ ಪೆಟ್ಟಾದರೆ, ಗೋಡೆಗೆ ಕೈಯೂರಿ ತಳ್ಳುವಾಗ ಹೆಗಲಿನ ಚಪ್ಪಟೆ ಮೂಳೆ ಬೆನ್ನಿನಿಂದ ಹೊರಕ್ಕೆ ಎದ್ದು ನಿಲ್ಲುತ್ತದೆ. ಇನ್ನೊಂದು ಬೆನ್ನಿನ ಅಗಲ ಸ್ನಾಯುವನ್ನು ನಡೆಸುವ ನರ. ಕಂಕುಳಿಗೆ ಅಡ್ಡಲಾಗಿ ಹಾದುಹೋಗುವ ಮೂರನೆಯದು ಕತ್ತರಿಸಿಹೋದರೆ ತೋಳಿನ ಒಳಭಾಗ ಮರಗಟ್ಟುತ್ತದೆ.

ಸ್ತನ ಉಳಿಸುವ ಆಪರೇಷನ್‌ನಲ್ಲಿ ಗಡ್ಡೆಯನ್ನು ಅದರ ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯುತ್ತಾರೆ. ತೆಗೆದ ತುಣುಕಿನ ಮೇಲ್ಬದಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ ಹೊಲಿದು ಗುರುತು ಮಾಡುವುದು ರೂಢಿ. ಪ್ರಯೋಗಾಲಯದಲ್ಲಿ ಯಾವ ಅಂಚು ಯಾವುದೆಂದು ತಿಳಿಯಲು ಇದೇ ಆಧಾರ. ಖಾಲಿಯಾದ ಜಾಗದಲ್ಲಿ ವಿಕಿರಣ ಚಿಕಿತ್ಸೆಯ ಗುರಿಗಾಗಿ ಕ್ಲಿಪ್‌ಗಳನ್ನು ಬಿಡುತ್ತಾರೆ.

ಗಡ್ಡೆಗಳು ಸ್ತನದಲ್ಲಿ ಅಲ್ಲಲ್ಲಿ ಚದುರಿದ್ದರೆ, ವಿಕಿರಣ ಕೊಡುವಂತಿಲ್ಲದಿದ್ದರೆ ಅಥವಾ ಮಹಿಳೆಯೇ ಬಯಸಿದರೆ ಪೂರ್ಣ ಸ್ತನ ತೆಗೆಯುವುದು ಸರಿ. ಆಗ ತೊಟ್ಟನ್ನು ಒಳಗೊಂಡಂತೆ ಕಣ್ಣಿನಾಕಾರದಲ್ಲಿ ಚರ್ಮ ಕೊಯ್ದು, ಮೇಲೆ ಕೊರಳೆಲುಬಿನ ಕಡೆಗೂ ಕೆಳಗೆ ಸ್ತನದ ಮಡಿಕೆಯವರೆಗೂ ಬಿಡಿಸಿ, ಎದೆಯ ಸ್ನಾಯುವಿನ ಮೇಲಿನ ತೆಳು ಪೊರೆಯ ಸಮೇತ ತೆಗೆಯುತ್ತಾರೆ. ಸ್ನಾಯು ಮಾತ್ರ ಉಳಿಯುತ್ತದೆ.

ಮನೆಗೆ ಬಂದ ಮೇಲೆ

ಒಳಗೆ ಸೇರುವ ನೀರನ್ನು ಹೀರಲು ಡ್ರೈನ್ ಕೊಳವೆ ಇಟ್ಟಿದ್ದರೆ, ಪ್ರತಿದಿನ ಅದೇ ಹೊತ್ತಿಗೆ ಅಳತೆ ಬರೆದಿಡಿ. 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ ಬಂದಾಗ ಸಾಮಾನ್ಯವಾಗಿ ಅದನ್ನು ತೆಗೆಯುತ್ತಾರೆ. ಬೆರಳು, ಮೊಣಕೈ ಆಡಿಸುವುದನ್ನು ಮೊದಲ ದಿನದಿಂದಲೇ ಶುರುಮಾಡಬಹುದು, ಭುಜದ ವ್ಯಾಯಾಮ ವೈದ್ಯರು ಹೇಳಿದಂತೆ. ಜ್ವರ, ಗಾಯದ ಸುತ್ತ ಕೆಂಪು, ಕೈ ಬಾವು ಕಂಡರೆ ಕಾಯಬೇಡಿ.

ಕೊನೆಯ ವರದಿ ಬಂದಾಗ ಎಷ್ಟು ಗ್ರಂಥಿಗಳನ್ನು ನೋಡಿದ್ದಾರೆ, ಎಷ್ಟರಲ್ಲಿ ರೋಗವಿದೆ, ಅಂಚುಗಳು ಸ್ವಚ್ಛವಾಗಿವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸ್ತನ ಉಳಿಸಿದ ಆಪರೇಷನ್‌ನಲ್ಲಿ, ಪ್ರಯೋಗಾಲಯದಲ್ಲಿ ತುಣುಕಿನ ಅಂಚಿಗೆ ಬಳಿದ ಶಾಯಿಗೆ ಕ್ಯಾನ್ಸರ್ ಕೋಶ ತಾಗಿದ್ದರೆ ಆ ಬದಿಯಿಂದ ಇನ್ನಷ್ಟು ಅಂಗಾಂಶ ತೆಗೆಯಲು ಸಾಮಾನ್ಯವಾಗಿ ಎರಡನೆಯ, ಚಿಕ್ಕದೊಂದು ಆಪರೇಷನ್ ಬೇಕಾಗುತ್ತದೆ. ವಿಕಿರಣ ಚಿಕಿತ್ಸೆಯ ದಿನ ಗೊತ್ತುಮಾಡುವುದು ಅದಾದ ಮೇಲೆ.