ಚಳಿಗಾಲದಲ್ಲಿ ಜೋಗಿಮಟ್ಟಿಗೆ ಸೈಕಲ್: ತಯಾರಿ ಹಿಂದಿನ ಸಂಜೆಯಿಂದಲೇ

ಚಿತ್ರದುರ್ಗದ ಚಳಿಯನ್ನು ಚಳಿ ಎಂದರೆ ಕೊಡಗಿನವರು ನಕ್ಕಾರು. ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಅಷ್ಟೇ. ಆದರೆ ಏರು ಹತ್ತಿ ಬೆವೆತ ಮೈಗೆ ಗುಡ್ಡದ ಮೇಲಿನ ಗಾಳಿ ಬಡಿದರೆ ಹಲ್ಲು ಕಟಕಟ ಎನ್ನುತ್ತದೆ. ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನೆಟ್ಟಿದ್ದಾರೆ ಎಂದರೆ ಇಲ್ಲಿನ ಗಾಳಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಗಾಳಿಯ ಜೊತೆಗೆ ಇನ್ನೊಂದು ಕಾಟ ಮುಳ್ಳಿನದು. ಇವೆರಡಕ್ಕೂ ಮದ್ದು ಮನೆಯಲ್ಲೇ, ಹಿಂದಿನ ಸಂಜೆಯೇ ಆಗಬೇಕು.

ಮೊದಲು ಅನುಮತಿ. ಊರಿಗೆ ಹತ್ತಿರದ ಜೋಗಿಮಟ್ಟಿ ಗುಡ್ಡ ಈಗ ವನ್ಯಧಾಮ. ಆಡುಮಲ್ಲೇಶ್ವರದ ಕಡೆಯಿಂದ ಮೇಲಕ್ಕೆ ಹೋಗುವ ರಸ್ತೆ ಒಂದು ಮಾತು, ಕಾಡಿನೊಳಗಿನ ಕಾಲುದಾರಿ ಇನ್ನೊಂದು ಮಾತು. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಮುಂಚೆಯೇ ಹೋಗಿ ಕೇಳಿ. ಬೇಡ ಎಂದ ದಾರಿಯನ್ನು ಬಿಟ್ಟುಬಿಡಿ. ಅನುಮತಿ ಇಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಇನ್ನು ಟೈರು. ಇಲ್ಲಿನ ದಾರಿ ಸಡಿಲ ಗರಸು, ನಡುನಡುವೆ ಬಂಡೆ. 70 ಕೆ.ಜಿ. ತೂಕದವರಿಗೆ 2.2 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 22–23, ಹಿಂದೆ 25–26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಿಡಿತಕ್ಕೆ ಸರಿಹೋಗುತ್ತದೆ. ಟ್ಯೂಬ್ ಇದ್ದರೆ 30ಕ್ಕಿಂತ ಇಳಿಸಬೇಡಿ. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಸಂಜೆ 30 ಡಿಗ್ರಿಯಲ್ಲಿ 26 ಹೊಡೆದಿಟ್ಟ ಗಾಳಿ ಬೆಳಗ್ಗೆ 15 ಡಿಗ್ರಿಗೆ 24ಕ್ಕೆ ಇಳಿದಿರುತ್ತದೆ. ಅದು ಪಂಚರ್ ಅಲ್ಲ, ಚಳಿಗೆ ಗಾಳಿ ಕುಗ್ಗುವುದು. ಹಾಗಾಗಿ ಹೊರಡುವ ಮುಂಚೆ ಗೇಜ್ ಇಟ್ಟು ಇನ್ನೊಮ್ಮೆ ನೋಡಿ.

ಸೀಲೆಂಟ್, ಅಂದರೆ ಟ್ಯೂಬ್‌ಲೆಸ್ ಟೈರಿನೊಳಗಿದ್ದು ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ, 29 ಇಂಚಿನ ಒಂದೊಂದು ಟೈರಿಗೆ 100 ಎಂ.ಎಲ್. ಇರಲಿ. ಜಾಲಿಮುಳ್ಳಿನ ಸೀಮೆಯಲ್ಲಿ ಇದರಲ್ಲಿ ಕಂಜೂಸ್‌ತನ ಬೇಡ. ಚೈನಿಗೆ ಬೈಕಿನ ಇಂಜಿನ್ ಆಯಿಲ್ ಹಾಕುವವರು ಬಹಳ. ಆ ಜಿಡ್ಡಿಗೆ ಚಳಿಗಾಲದ ಒಣ ದೂಳು ಮೆತ್ತಿ ಮರಳುಕಾಗದದ ಹಾಗೆ ಹಲ್ಲುಗಳನ್ನು ಸವೆಸುತ್ತದೆ. ಮೇಣದ ಒಣ ಲ್ಯೂಬನ್ನು ಕೊಂಡಿಗೊಂದು ಹನಿಯಂತೆ ರಾತ್ರಿಯೇ ಬಿಟ್ಟು, ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಬೆಳಗ್ಗೆ ಹಾಕಿ ತಕ್ಷಣ ಹೊರಟರೆ ಆರುವ ಮೊದಲೇ ದೂಳು ಹಿಡಿಯುತ್ತದೆ.

ಬಟ್ಟೆಯ ವಿಷಯದಲ್ಲಿ ಎಡವುವುದು ಹತ್ತಿ ಬನಿಯನ್ನಿನಿಂದ. ಬೆವರು ಕುಡಿದು ಒಣಗುವುದೇ ಇಲ್ಲ. ಇಳಿಯುವಾಗ ಎದೆಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಒಳಗೆ ಬೇಗ ಆರುವ ಪಾಲಿಯೆಸ್ಟರ್ ಬನಿಯನ್, ಮೇಲೆ ಪೂರ್ತಿ ತೋಳಿನ ಜೆರ್ಸಿ, ಜೇಬಿಗೆ ಮಡಚಿ ತುರುಕಬಹುದಾದ ತೆಳು ವಿಂಡ್‌ಚೀಟರ್. ಸ್ವೆಟರ್ ಬೇಡ. ಮನೆ ಬಿಡುವಾಗ ತುಸು ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಿ, ಹತ್ತು ನಿಮಿಷದಲ್ಲಿ ಮೈ ಕಾಯುತ್ತದೆ. ವಿಂಡ್‌ಚೀಟರನ್ನು ಏರಿನಲ್ಲಿ ಬಿಚ್ಚಿ, ನೆತ್ತಿ ತಲುಪಿ ನಿಂತ ಕೂಡಲೇ ಹಾಕಿ, ಫೋಟೊ ಆಮೇಲೆ. ಅದು ಇಲ್ಲದವರು ಹಳೆ ದಿನಪತ್ರಿಕೆಯ ಎರಡು ಹಾಳೆ ಮಡಚಿ ಜೆರ್ಸಿಯೊಳಗೆ ಎದೆಗೆ ಇಟ್ಟುಕೊಂಡರೂ ಗಾಳಿ ತಡೆಯುತ್ತದೆ. ಪೂರ್ತಿ ಬೆರಳಿನ ಗ್ಲೌಸ್ ಮಾತ್ರ ಬೇಕೇ ಬೇಕು: ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಒತ್ತಿದ್ದೇವೆಂದೇ ತಿಳಿಯುವುದಿಲ್ಲ.

ಕತ್ತಲಲ್ಲಿ ಕಾಡು ಹೊಗಬೇಡಿ. ಕರಡಿಗಳು ಓಡಾಡುವುದು ಮುಂಜಾವು, ಮುಸ್ಸಂಜೆಗಳಲ್ಲೇ ಹೆಚ್ಚು. ಸೂರ್ಯ ಮೇಲೆ ಬಂದ ಮೇಲೆ ಒಳಹೊಕ್ಕು, ಮಧ್ಯಾಹ್ನಕ್ಕೆ ಮೊದಲು ಈಚೆ ಬನ್ನಿ. ಇಯರ್‌ಫೋನ್ ಬೇಡ, ಪೊದೆ ಒತ್ತಾಗಿರುವ ತಿರುವುಗಳಲ್ಲಿ ಮಾತಾಡುತ್ತ, ಬೆಲ್ ಹೊಡೆಯುತ್ತ ಹೋಗಿ. ಕರಡಿ ಕಂಡರೆ ಎಲ್ಲರೂ ಒಟ್ಟಾಗಿ ನಿಂತು, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ.

ನಾಲ್ಕರಿಂದ ಆರು ಜನ ಸಾಕು. ದಾರಿ ಬಲ್ಲವರು ಮುಂದೆ. ಪಂಪು, ರಿಪೇರಿ ಸಾಮಾನು ಹೊತ್ತ ಗಟ್ಟಿಗರು ಕೊನೆಗೆ. ಪಂಪು ಮುಂದಿನವರ ಹತ್ತಿರ ಇದ್ದರೆ ಹಿಂದೆ ಪಂಚರ್ ಆದವರು ಕಾಯುತ್ತ ಕೂರಬೇಕು. ದಾರಿ ಕವಲೊಡೆದಲ್ಲೆಲ್ಲ ಹಿಂದಿನವರು ಕಣ್ಣಿಗೆ ಬೀಳುವ ತನಕ ಮುಂದಿನವರು ನಿಲ್ಲಬೇಕು. ಇಳಿಜಾರಿನಲ್ಲಿ ಇಬ್ಬರ ನಡುವೆ 15–20 ಮೀಟರ್ ಬಿಡಿ. ಗರಸಿನಲ್ಲಿ ಮುಂದಿನ ಬ್ರೇಕನ್ನು ತಿರುವಿಗೆ ಮುಂಚೆ, ಗಾಲಿ ನೇರ ಇರುವಾಗಲೇ ಒತ್ತಿ ಮುಗಿಸಿ. ತಿರುವಿನ ಒಳಗೆ ಒತ್ತಿದರೆ ಮುಂಗಾಲಿ ಜಾರುತ್ತದೆ. ಇಬ್ಬನಿ ಬಿದ್ದ ತರಗೆಲೆಯ ಮೇಲೂ ಅಷ್ಟೇ.

ಟ್ಯೂಬ್ ಪಂಚರ್ ಆದರೆ ದಾರಿಯಲ್ಲಿ ಪ್ಯಾಚ್ ಹಚ್ಚುತ್ತ ಕೂರಬೇಡಿ. ತಂಪು ಹವೆಗೆ ಸೊಲ್ಯೂಷನ್ ಬೇಗ ಆರುವುದಿಲ್ಲ, ಹಸಿ ಇರುವಾಗ ಅಂಟಿಸಿದ ಪ್ಯಾಚ್ ಕಿತ್ತುಬರುತ್ತದೆ. ಹೊಸ ಟ್ಯೂಬ್ ಹಾಕಿ. ಹಾಕುವ ಮೊದಲು ಮುಳ್ಳು ಹುಡುಕಿ: ಜಾಲಿಮುಳ್ಳು ಹೊರಗೆ ಮುರಿದು, ಮೊನೆ ಮಾತ್ರ ರಬ್ಬರಿನಲ್ಲಿ ಉಳಿದಿರುತ್ತದೆ, ಕಣ್ಣಿಗೆ ಕಾಣದು. ಒಂದು ಉಂಡೆ ಹತ್ತಿಯನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಸವರಿ. ಮೊನೆ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ಪಿನ್ನಿನಲ್ಲಿ ನೂಕಿದರೆ ಹೊರಬರುತ್ತದೆ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ, ಪೂರ್ತಿ ಸುತ್ತು ಮುಗಿಸಿ. ಟ್ಯೂಬ್‌ಲೆಸ್‌ನಲ್ಲಿ ಚುಚ್ಚಿದ ಮುಳ್ಳು ಗಾಳಿ ಬಿಡದಿದ್ದರೆ ಮುಟ್ಟಬೇಡಿ. ಬಿಡುತ್ತಿದ್ದರೆ ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಒಂದು ನಿಮಿಷ ನಿಲ್ಲಿಸಿ. ಪೊದೆ ಸವರಿದ ದಾರಿಯಲ್ಲಿ ಓರೆಯಾಗಿ ಕಡಿದ ಲಂಟಾನದ ಕೂಳೆ ಟೈರಿನ ಪಕ್ಕೆಯನ್ನೇ ಸೀಳುತ್ತದೆ, ಅದಕ್ಕೆ ಸೀಲೆಂಟ್ ನಿಲ್ಲದು. ಹಳೆ ಟೈರಿನ ಮೂರು ಇಂಚು ತುಂಡು ಇಟ್ಟುಕೊಂಡಿದ್ದರೆ ಒಳಗಿನಿಂದ ಕೊಟ್ಟು, ಟ್ಯೂಬ್ ಹಾಕಿ, ಗಾಳಿ ತುಸು ಕಮ್ಮಿ ಮಾಡಿ ಮನೆ ಸೇರಬಹುದು.

ತಲೆಗೆ ಎರಡು ಲೀಟರ್ ನೀರು. ಚಳಿಯಲ್ಲಿ ಬಾಯಾರುವುದಿಲ್ಲವೆಂದು ಕುಡಿಯದೇ ಇದ್ದರೆ ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ತಿನ್ನಲು ಶೇಂಗಾ ಉಂಡೆ, ಬಾಳೆಹಣ್ಣು. ಚಳಿ ಕಾಯಿಸಲು ಬೆಂಕಿ ಹಾಕುವ ಯೋಚನೆಯನ್ನೇ ಮಾಡಬೇಡಿ, ಜನವರಿಗೆ ಹುಲ್ಲು ಒಣಗಿ ನಿಂತಿರುತ್ತದೆ.

ಮನೆಗೆ ಬಂದ ಮೇಲೆ ಉಳಿದ ಮುಳ್ಳುಗಳನ್ನು ಕಿತ್ತು, ಗಾಳಿ ತುಂಬಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಟೈರ್ ಮೆತ್ತಗಾಗಿದ್ದರೆ 30–40 ಎಂ.ಎಲ್. ಸೀಲೆಂಟ್ ಸೇರಿಸಿ. ಡಿಸೆಂಬರಿನಲ್ಲಿ ಹಾಕಿದ್ದು ನಮ್ಮ ಬಿಸಿಲಿಗೆ ಮಾರ್ಚ್ ಹೊತ್ತಿಗೆ ಒಣಗಿ ಸಿಪ್ಪೆಯಾಗಿರುತ್ತದೆ, ಆಗ ಟೈರ್ ಬಿಚ್ಚಿ ಹೊಸದಾಗಿ ತುಂಬಿ.